ಎರಡೇ ಬಣ್ಣದ ಪುಸ್ತಕ

ಮಕ್ಕಳ ಚಿತ್ರಪುಸ್ತಕ ನಾವೇ ಅಚ್ಚು ಹಾಕಿಸ್ತೀವಿ ಅಂದ್ರೆ ಮೊದಲು ಸಿಗೋ ಸಲಹೆ: "ಚಿತ್ರ ನೆಟ್‌ನಲ್ಲಿ ಸಿಗುತ್ತೆ ಬಿಡ್ರಿ, ಅದಕ್ಕ್ಯಾಕೆ ದುಡ್ಡು?" ನನ್ನ ಹುಂಜದ ಕತೆಗೂ ಪ್ರೆಸ್ಸಿನವರು ಹಾಗೇ ಅಂದ್ರು. ನಂಗ್ಯಾಕೋ ಒಪ್ಪಿಗೆಯಾಗ್ಲಿಲ್ಲ. ಅಕ್ಷರ ಬಾರದ ಮಗು ಓದೋದೇ ಚಿತ್ರವನ್ನ ಅಲ್ವಾ?

ಹಾಗಾಗಿ ಮಿಕ್ಕಿದ್ದಕ್ಕೆಲ್ಲ ಕತ್ತರಿ ಹಾಕಿದೆ. 24 ಪುಟ 16 ಆಯ್ತು (ನಡುವೆ ಪಿನ್ ಹೊಡೆಯೋ ಪುಸ್ತಕಕ್ಕೆ ಪುಟಗಳು 4ರ ಲೆಕ್ಕದಲ್ಲೇ ಬರಬೇಕು). ನಂಗಿಷ್ಟವಾದ ಎರಡು ಪ್ರಸಂಗ ಹೋದವು, ಹೊಟ್ಟೆ ಉರೀತು. ಆಫ್‌ಸೆಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟ್. ನಾಲ್ಕರ ಬದಲು ಕಪ್ಪು, ಕೆಂಪು ಎರಡೇ ಸಾಕು ಅಂದೆ. ರಟ್ಟಿನ ಬೈಂಡಿಂಗ್ ಬೇಡ, 300 ಪ್ರತಿ ಸಾಕು. ಐಎಸ್‌ಬಿಎನ್‌ಗಂತೂ ನಮ್ಮ ದೇಶದಲ್ಲಿ ಶುಲ್ಕವೇ ಇಲ್ಲ. ಉಳಿದ ದುಡ್ಡಲ್ಲಿ ಚಿತ್ರ ಬರೆದವರಿಗೆ ಅವರು ಕೇಳಿದಷ್ಟೂ ಕೊಟ್ಟೆ. ಮುಖಪುಟದಲ್ಲಿ ಅವರ ಹೆಸರೂ ನನ್ನ ಹೆಸರಿನಷ್ಟೇ ದಪ್ಪ!

ಎರಡೇ ಬಣ್ಣ ಅಂದಿದ್ದಕ್ಕೆ ಅವರು ಹುಂಜದ ಜುಟ್ಟಿಗೆ ಮಾತ್ರ ಕೆಂಪು ಬಳಿದಿದ್ದಾರೆ. ಪಕ್ಕದ ಮನೆ ಪುಟ್ಟಿ ಈಗ ಪುಟಪುಟದಲ್ಲೂ ಆ ಕೆಂಪನ್ನೇ ಹುಡುಕಿ ಬೆರಳಿಡ್ತಾಳೆ, ಕತೆ ತಾನೇ ಹೇಳ್ತಾಳೆ. ನಾನು ಬರೆದದ್ದಲ್ಲ, ಅವಳದ್ದೇ ಬೇರೆ ಕತೆ…

ನೀವೂ ಪುಸ್ತಕ ಮಾಡೋ ಯೋಚನೇಲಿದ್ರೆ, ಕಾಗದದಲ್ಲಿ ಉಳಿಸಿ, ಚಿತ್ರಕ್ಕೆ ಸುರಿಯಿರಿ.