ಬೆಲ್ಟು ಕಿರುಚಿದರೆ ಮೊದಲು ದಾರ

ನಂಜನಗೂಡಿನಲ್ಲಿ ಕಾರಿನ ಪುಲ್ಲಿ ಸರಿಮಾಡುವ ವಿದ್ಯೆ ನಮಗೆ ಬಂದದ್ದು ಅಕ್ಕಿ ಗಿರಣಿಯಿಂದ. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ತಿ. ನರಸೀಪುರ, ಬನ್ನೂರು, ತಲಕಾಡಿನ ಕಡೆ ನಾಲೆ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದರು, ಅದನ್ನು ಅಕ್ಕಿ ಮಾಡಲು ಗಿರಣಿಗಳಿದ್ದವು. ಗಿರಣಿಯೊಳಗೆ ಗೋಡೆಯುದ್ದಕ್ಕೂ ಒಂದು ಶಾಫ್ಟು, ಅದರ ಮೇಲೆ ಸಾಲಾಗಿ ಪುಲ್ಲಿಗಳು, ಒಂದೊಂದು ಪುಲ್ಲಿಯಿಂದ ಒಂದೊಂದು ಯಂತ್ರಕ್ಕೆ ಬೆಲ್ಟು. ಬೆಲ್ಟು ಕಳಚಿಕೊಂಡರೆ ಗಿರಣಿ ನಿಂತಿತು. ಮೂಟೆ ಹೇರಿಕೊಂಡು ಬಂದ ಎತ್ತಿನ ಗಾಡಿಗಳು ಬಾಗಿಲಲ್ಲೇ ಕಾಯಬೇಕು. ಫಿಟ್ಟರು ಬಂದವರೇ ಬೆಲ್ಟಿಗೆ ಕೈ ಹಾಕುತ್ತಿರಲಿಲ್ಲ. ಜೇಬಿನಿಂದ ದಾರ ತೆಗೆದು, ಒಂದು ಪುಲ್ಲಿಯ ಮುಖದಿಂದ ಇನ್ನೊಂದರ ಮುಖಕ್ಕೆ ಬಿಗಿಯಾಗಿ ಎಳೆದು ಹಿಡಿದು, ಸಂದು ಎಲ್ಲಿ ಬಿಟ್ಟಿದೆ ಎಂದು ನೋಡುತ್ತಿದ್ದರು. ಸಂದು ಸಿಕ್ಕರೆ ಅರ್ಧ ರಿಪೇರಿ ಆದಂತೆಯೇ.

ನನ್ನ ಯಜಮಾನರು ಅಂಥ ಗಿರಣಿಯಲ್ಲಿ ಪಳಗಿದವರು. 1980ರ ದಶಕದಲ್ಲಿ ನಾನು ಸ್ಪ್ಯಾನರ್ ಎತ್ತಿಕೊಡುವ ಹುಡುಗನಾಗಿ ಅವರ ಹತ್ತಿರ ಸೇರಿದಾಗ ಅವರು ಗಿರಣಿ ಬಿಟ್ಟು, ನಂಜನಗೂಡಿನಲ್ಲಿ ಡೈನಮೋ, ಸೆಲ್ಫ್ ಮೋಟರು ರಿಪೇರಿಯ ಅಂಗಡಿ ಇಟ್ಟಿದ್ದರು. ಶ್ರೀಕಂಠೇಶ್ವರನ ದರ್ಶನಕ್ಕೆ ಜನರನ್ನು ಕರೆತಂದ ಟ್ಯಾಕ್ಸಿ, ಗುಂಡ್ಲುಪೇಟೆ ದಾಟಿ ಊಟಿಗೋ ವಯನಾಡಿಗೋ ಹೋಗುವ ಟ್ಯಾಕ್ಸಿ ನಮ್ಮ ಬಾಗಿಲಿಗೆ ಬರುತ್ತಿದ್ದವು. ಹೆಚ್ಚಿನವು ಅಂಬಾಸಿಡರ್, ಮಿಕ್ಕವು ಪ್ರೀಮಿಯರ್ ಪದ್ಮಿನಿ. ಪದ್ಮಿನಿಯನ್ನು ಡ್ರೈವರುಗಳು ಕೊನೆಯವರೆಗೂ ಫಿಯೆಟ್ ಎಂದೇ ಕರೆದರು.

ಅಂಬಾಸಿಡರಿನ 1,489 ಸಿ.ಸಿ. ಎಂಜಿನ್ನಿನ ಮುಂದೆ ಇದ್ದದ್ದು ಮೂರೇ ಪುಲ್ಲಿ. ಕೆಳಗೆ ಕ್ರ್ಯಾಂಕಿನದು, ಮೇಲೆ ಫ್ಯಾನೂ ವಾಟರ್ ಪಂಪೂ ಸೇರಿದ್ದು, ಪಕ್ಕದಲ್ಲಿ ಡೈನಮೋದ್ದು. ಮೂರಕ್ಕೂ ಒಂದೇ ಬೆಲ್ಟು. ಕಾರ್ಖಾನೆಯಿಂದ ಮೂರೂ ಒಂದೇ ಗೆರೆಗೆ ಕೂತು ಬರುತ್ತಿದ್ದುದರಿಂದ ಬೆಲ್ಟು ಸವೆದು ಹರಿಯುವವರೆಗೆ ಅದರ ತಂಟೆ ಇರುತ್ತಿರಲಿಲ್ಲ. ತಂಟೆ ಶುರುವಾದದ್ದು ಹೊರಗಿನ ಸಾಮಾನು ಸೇರಿಸತೊಡಗಿದ ಮೇಲೆ.

ಮೊದಲು ಬಂದದ್ದು ಆಲ್ಟರ್ನೇಟರ್. ಎಂಜಿನ್ ನಿಧಾನವಾಗಿ ಓಡುವಾಗ ಡೈನಮೋ ಚಾರ್ಜು ಕೊಡುವುದು ಇಲ್ಲವೆನ್ನುವಷ್ಟು ಕಡಿಮೆ. ಮದುವೆ ದಿಬ್ಬಣಕ್ಕೆ ಹೋಗುವ ಕಾರಿಗೆ ಸೀರಿಯಲ್ ಲೈಟು, ಟೇಪ್ ರೆಕಾರ್ಡರು ಎಲ್ಲ ಬೇಕು. ಛತ್ರದ ಮುಂದೆ ಒಂದಿಷ್ಟು ಹೊತ್ತು ನಿಂತರೆ ಬ್ಯಾಟರಿ ಇಳಿದುಹೋಗುತ್ತಿತ್ತು. ಹಾಗಾಗಿ ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿಕೊಂಡರು. ಹಾಕಿಸಿಕೊಂಡೂ ಚಾರ್ಜಿಲ್ಲ ಎಂದು ಬರುವವರು ಬಹಳ ಜನ. ಯಜಮಾನರು ಬಾನೆಟ್ ಎತ್ತಿ ಪುಲ್ಲಿ ನೋಡಿದೊಡನೆ ಕಾರಣ ಹೇಳಿಬಿಡುತ್ತಿದ್ದರು: ದುಡ್ಡು ಉಳಿಸಲು ಹಳೇ ಡೈನಮೋದ ಪುಲ್ಲಿಯನ್ನೇ ಕಿತ್ತು ಹೊಸದಕ್ಕೆ ಹಾಕಿರುತ್ತಿದ್ದರು. ಡೈನಮೋ ಅತಿ ವೇಗವಾಗಿ ತಿರುಗಿದರೆ ಅದರ ಕಮ್ಯುಟೇಟರು ತಡೆಯುವುದಿಲ್ಲ, ಅದಕ್ಕೇ ಅದರ ಪುಲ್ಲಿ ದೊಡ್ಡದು. ಆಲ್ಟರ್ನೇಟರಿಗೆ ವೇಗವೇ ಬೇಕು, ಚಿಕ್ಕ ಪುಲ್ಲಿ ಇರಬೇಕು. ಬ್ಯಾಟರಿಗೆ ಮೀಟರ್ ಹಿಡಿದರೆ ಸುಮಾರು 14 ವೋಲ್ಟ್ ತೋರಿಸಬೇಕಾದ್ದು ಐಡ್ಲಿಂಗಿನಲ್ಲಿ 12ರ ಮೇಲೆ ಏಳುವುದೇ ಇಲ್ಲ. ಆಕ್ಸಿಲರೇಟರ್ ತುಳಿದರೆ ಏರುತ್ತದೆ, ಬಿಟ್ಟರೆ ಬೀಳುತ್ತದೆ. ಇಷ್ಟು ಕಂಡರೆ ಆಲ್ಟರ್ನೇಟರ್ ಬಿಚ್ಚುವ ಮೊದಲು ಪುಲ್ಲಿ ಅಳೆಯಬೇಕು. ಇದನ್ನು ಅಳೆಯದೆ ಒಳ್ಳೆಯ ಆಲ್ಟರ್ನೇಟರುಗಳನ್ನು ಗುಜರಿಗೆ ಹಾಕಿದ್ದನ್ನು ನೋಡಿದ್ದೇನೆ, ಈಗಲೂ ಹೊಟ್ಟೆ ಉರಿಯುತ್ತದೆ.

ನಿಜವಾದ ಗಲಾಟೆ 1990ರ ದಶಕದ್ದು, ಏಸಿ ಕಿಟ್ಟಿನದು. 1983ರ ಕೊನೆಗೆ ಮಾರುತಿ 800 ರಸ್ತೆಗಿಳಿದ ಮೇಲೆ ಬಾಡಿಗೆ ಕಾರಿನಲ್ಲಿ ಕೂರುವವರ ಮನಸ್ಸೂ ಬದಲಾಯಿತು. 1989ರಲ್ಲಿ ನಂಜನಗೂಡಿಗೆ ನೆಸ್ಲೆ ಕಾರ್ಖಾನೆ ಬಂತು, ಕೈಗಾರಿಕಾ ಪ್ರದೇಶ ಬೆಳೆಯಿತು, ಬೆಂಗಳೂರಿನಿಂದ ಬರುವ ಸಾಹೇಬರುಗಳಿಗೆ ತಣ್ಣನೆ ಕಾರು ಬೇಕಾಯಿತು. ಹಳೇ ಅಂಬಾಸಿಡರಿನ ಮಾಲೀಕರು ಬೆಂಗಳೂರಿನ ಜೆ.ಸಿ. ರಸ್ತೆಗೋ ಕೊಯಮತ್ತೂರಿಗೋ ಹೋಗಿ ಕಿಟ್ಟು ತಂದರು. ಪೆಟ್ಟಿಗೆಯಲ್ಲಿ ಕಂಪ್ರೆಸರು, ಅದನ್ನು ಕೂರಿಸುವ ಬ್ರಾಕೆಟ್ಟು, ಕ್ರ್ಯಾಂಕಿನ ಪುಲ್ಲಿಯ ಮುಂದೆ ಸೇರಿಸಲು ಇನ್ನೊಂದು ಪುಲ್ಲಿ, ಬೆಲ್ಟು ಬಿಗಿ ಮಾಡುವ ಐಡ್ಲರು, ಒಂದು ಪೊಟ್ಟಣ ಬೋಲ್ಟು-ವಾಷರು. ಎಲ್ಲ ಅಂಬಾಸಿಡರಿಗೂ ಆಗುತ್ತದೆ ಎಂದು ಮಾರಿರುತ್ತಿದ್ದರು. ಹಳೇ ಪೆಟ್ರೋಲ್ ಎಂಜಿನ್ನು, ಡೀಸೆಲ್ಲು, ಆಮೇಲೆ ಬಂದ 1,800 ಸಿ.ಸಿ. ಇಸುಜು, ಮೂರರ ಮುಖವೂ ಬೇರೆ ಬೇರೆ. ಒಂದೇ ಬ್ರಾಕೆಟ್ಟು ಮೂರಕ್ಕೂ ಹೊಂದುವುದಾದರೂ ಹೇಗೆ?

ಕಿಟ್ಟು ಹಾಕಿಸಿಕೊಂಡ ಕಾರು ನಮ್ಮಲ್ಲಿಗೆ ಬರುವ ಹೊತ್ತಿಗೆ ಡ್ರೈವರು ಬೇಸತ್ತಿರುತ್ತಿದ್ದ. ಏಸಿ ಒತ್ತಿದ ಕೂಡಲೇ ಕೀರ್ ಎಂದು ಕಿರುಚುತ್ತದೆ, ಬೆಲ್ಟು ಮಗುಚಿಕೊಳ್ಳುತ್ತದೆ, ಬ್ರಾಕೆಟ್ಟಿನ ಮೇಲೆಲ್ಲ ಕರೀ ಪುಡಿ, ಒಂದು ತಿಂಗಳಿಗೆ ವಾಟರ್ ಪಂಪಿನ ಬೇರಿಂಗು ಹೋಯಿತು. ಅವನ ಕೈಯಲ್ಲಿ ಹೊಸ ಬೆಲ್ಟು ಸಿದ್ಧವಾಗಿರುತ್ತಿತ್ತು. ಯಜಮಾನರು ಹಳೇ ಬೆಲ್ಟು ಕೇಳುತ್ತಿದ್ದರು. ಬೆಲ್ಟು ಪುಲ್ಲಿಯನ್ನು ಹಿಡಿಯುವುದು ತನ್ನ ಎರಡು ಪಕ್ಕಗಳಿಂದ. ಪುಲ್ಲಿಯ ಗ್ರೂವಿನ ತಳ ಹೊಳೆಯುತ್ತಿದ್ದರೆ ಬೆಲ್ಟು ತಳಕ್ಕೆ ಇಳಿದು ಜಾರುತ್ತಿದೆ ಎಂದರ್ಥ. ಒಂದೇ ಪಕ್ಕ ನುಣ್ಣಗೆ ಸವೆದಿದ್ದರೆ ಗೆರೆ ತಪ್ಪಿದೆ. ಎ ಸೆಕ್ಷನ್ ಬೆಲ್ಟಿನ ಮೇಲಗಲ 13 ಮಿ.ಮೀ., ಬಿ ಸೆಕ್ಷನ್ನಿನದು 17. ದಾರಿಯಲ್ಲಿ ಬೆಲ್ಟು ಹರಿದಾಗ ಡ್ರೈವರುಗಳು ಹತ್ತಿರದ ಪಂಪ್‌ಸೆಟ್ ಅಂಗಡಿಗೆ ನುಗ್ಗಿ ಉದ್ದ ಸರಿಹೊಂದಿದ್ದನ್ನು ಹಾಕಿಕೊಂಡು ಬಂದಿರುತ್ತಿದ್ದರು. ಅಗಲದ ಗ್ರೂವಿನಲ್ಲಿ ಸಣ್ಣ ಬೆಲ್ಟು ತಳ ಮುಟ್ಟಿ ಸುಡುತ್ತಿತ್ತು.

ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ನೋಡಲು ಬ್ಯಾಟರಿ ಕಳಚಿ, ಬೆಲ್ಟು ತೆಗೆದು, ಕ್ರ್ಯಾಂಕಿನ ಪುಲ್ಲಿಯ ಮುಖಕ್ಕೆ ದಾರದ ಒಂದು ತುದಿಯನ್ನು ನಾನು ಹಿಡಿಯಬೇಕು, ಕಂಪ್ರೆಸರಿನ ಕಡೆಗೆ ಅವರು ಎಳೆಯುವರು. ಎರಡು ಪುಲ್ಲಿಗಳ ಅಂಚೂ ಸೇರಿ ನಾಲ್ಕು ಜಾಗದಲ್ಲಿ ದಾರ ತಾಗಬೇಕು. ಒಂದು ಅಡಿ ದೂರಕ್ಕೆ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಒಂದೂವರೆ ಮಿಲಿಮೀಟರ್ ಆಚೀಚೆಯಾದರೆ ಸೈರಿಸಬಹುದು, ಅದಕ್ಕಿಂತ ಹೆಚ್ಚಾದರೆ ಬೆಲ್ಟು ಕಿರುಚದೆ ಬಿಡುವುದಿಲ್ಲ. ದಾರ ಪುಲ್ಲಿಗಳ ಮುಖಕ್ಕೆ ತಾಗಿದರೆ ಸಾಲದು, ಗ್ರೂವಿನ ನಡುವೂ ಹೊಂದಬೇಕು. ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆಯಿದ್ದರೆ ಮುಖದ ಲೆಕ್ಕ ಮೋಸ ಮಾಡುತ್ತದೆ. ಅದಕ್ಕೆ ಅವರು ಗ್ರೂವಿನೊಳಗೆ ತುಂಡು ಬೆಲ್ಟು ಇಟ್ಟು ಅದರ ಮೇಲಿಂದ ಅಳೆಯುತ್ತಿದ್ದರು.

ತಿ. ನರಸೀಪುರದ ಒಂದು ಡೀಸೆಲ್ ಅಂಬಾಸಿಡರ್ ನನಗೆ ಚೆನ್ನಾಗಿ ನೆನಪಿದೆ. ದಾರ ಹಿಡಿದರೆ ಗೆರೆ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೂ ಬೆಲ್ಟು ವಾರಕ್ಕೊಂದು. “ಅಣ್ಣೋ, ಬೆಲ್ಟ್ ತಕ್ಕೊಂಡು ತಕ್ಕೊಂಡು ಬಾಡಿಗೆ ದುಡ್ಡೆಲ್ಲ ಅದಕ್ಕೇ ಹೋಯ್ತು” ಎಂದು ಡ್ರೈವರು ಕಣ್ಣಲ್ಲಿ ನೀರು ತಂದುಕೊಂಡ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, “ಇಂಜಿನ್ ಸ್ಟಾರ್ಟ್ ಮಾಡ್ಲಾ ಮಗ. ಈಗ ಏಸಿ ಒತ್ತು. ಬೆಲ್ಟ್ ನೋಡ್ಬೇಡ, ಬ್ರಾಕೆಟ್ ನೋಡು” ಎಂದರು. ಕಂಪ್ರೆಸರಿನ ಕ್ಲಚ್ಚು ಟಕ್ ಎಂದಾಗ ಕಂಪ್ರೆಸರು ಬ್ರಾಕೆಟ್ಟಿನ ಸಮೇತ ಮುಂದಕ್ಕೆ ತಲೆ ಬಾಗಿಸಿತು, ಕ್ಲಚ್ಚು ಬಿಟ್ಟಾಗ ಎದ್ದು ನಿಂತಿತು. ನಿಂತಾಗ ಸರಿಯಾಗಿದ್ದ ಗೆರೆ ಭಾರ ಬಿದ್ದಾಗ ತಪ್ಪುತ್ತಿತ್ತು. ಎರಡೇ ಬೋಲ್ಟಿನ ಮೇಲೆ ತೆಳು ತಗಡಿನ ಬ್ರಾಕೆಟ್ಟು. ಅಷ್ಟು ಭಾರದ ಕಂಪ್ರೆಸರನ್ನು ಅದು ಹೇಗೆ ತಡೆದೀತು? ದಪ್ಪ ಪಟ್ಟಿಯೊಂದನ್ನು ಬ್ರಾಕೆಟ್ಟಿನ ತುದಿಯಿಂದ ಎಂಜಿನ್ ಬ್ಲಾಕಿಗೆ ಅಡ್ಡ ಆಸರೆ ಕೊಟ್ಟು ಬಿಗಿದರು. ಆ ಕಾರು ಆಮೇಲೆ ಬೆಲ್ಟಿಗೆಂದು ನಮ್ಮ ಅಂಗಡಿ ಹತ್ತಲಿಲ್ಲ.

ಇಂಥ ಪಟ್ಟಿ, ಬುಷ್ಷು, ಸ್ಪೇಸರು ಮಾಡಿಕೊಡಲು ಲೇತು ಬೇಕು. ನಂಜನಗೂಡಿನಲ್ಲಿ ಒಳ್ಳೆಯ ಲೇತಿನವರು ಇದ್ದದ್ದಕ್ಕೆ ಕಾರಣ ಕಾರುಗಳಲ್ಲ. ಸುಜಾತಾ ಮಿಲ್ಲು, ಚಿಕ್ಕಯ್ಯನ ಛತ್ರದ ಪೇಪರ್ ಮಿಲ್ಲು, ಸುತ್ತಲಿನ ಪಂಪ್‌ಸೆಟ್ಟು, ಆಲೆಮನೆಯ ಗಾಣ ಇವೆಲ್ಲ ಅವರಿಗೆ ಅನ್ನ ಕೊಟ್ಟಿದ್ದವು. ನಮ್ಮ ಬೀದಿಯ ಲೇತಿನವರ ಹತ್ತಿರ ತಿ. ನರಸೀಪುರದ ಮೆಕ್ಯಾನಿಕ್ಕುಗಳು ಪುಲ್ಲಿಯನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದರು. ಜೊತೆಗೊಂದು ಚೀಟಿ. ಚೀಟಿಯಲ್ಲಿ ‘ಸ್ವಲ್ಪ ತೆಗೆಯಿರಿ’ ಎಂದಿದ್ದರೆ ಪುಲ್ಲಿ ಹಾಗೇ ವಾಪಸ್ಸು ಹೋಗುತ್ತಿತ್ತು. ಎಷ್ಟು ಮಿಲಿಮೀಟರು, ಯಾವ ಮುಖದಿಂದ ಎಂದು ಬರೆದರೇ ಅವರು ಲೇತು ಮುಟ್ಟುತ್ತಿದ್ದುದು. ಇನ್ನೂ ಖುಷಿಯಾಗುತ್ತಿದ್ದುದು ಎರಡೂ ಪುಲ್ಲಿ, ಬೋಲ್ಟು ಸಮೇತ ಕಳಿಸಿದರೆ. ಪುಲ್ಲಿಯನ್ನು ಚಕ್ಕಿಗೆ ಕಟ್ಟಿ ತಿರುಗಿಸಿ, ಅಂಚಿಗೆ ಗೇಜು ಹಿಡಿದು, ನಡುವಿನ ತೂತೇ ಓರೆಯಾಗಿ ಕೊರೆದದ್ದನ್ನು ಅವರು ಎಷ್ಟೋ ಸಲ ತೋರಿಸಿದ್ದಾರೆ. ಹೊಸ ಕಿಟ್ಟಿನ ಎರಕದ ಪುಲ್ಲಿ, ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು.

ಕಣ್ಣಿಗೆ ಬೀಳದ ಇನ್ನೊಂದು ತೊಂದರೆಯೂ ಕಿಟ್ಟಿನಿಂದ ಬಂತು. ಅಂಬಾಸಿಡರಿನ ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಟೈಮಿಂಗ್ ನೋಡಲು ಒಂದು ಕಚ್ಚು ಇರುತ್ತದೆ. ಕಂಪನಿ ಪುಲ್ಲಿ ತೆಗೆದು ಎರಡು ಗ್ರೂವಿನ ಹೊಸದನ್ನು ಹಾಕಿದಾಗ ಆ ಕಚ್ಚು ಇರುತ್ತಿರಲಿಲ್ಲ, ಇದ್ದರೂ ಜಾಗ ತಪ್ಪಿರುತ್ತಿತ್ತು. ಅದನ್ನೇ ನಂಬಿ ಟೈಮಿಂಗ್ ಇಟ್ಟರೆ ಏರಿನಲ್ಲಿ ಎಂಜಿನ್ ಎಳೆಯುವುದಿಲ್ಲ, ಕಾಯುತ್ತದೆ. ಊಟಿ ಘಾಟಿಯಲ್ಲಿ ಕಾರು ನಿಂತಿತೆಂದು ರೇಡಿಯೇಟರ್ ಬದಲಿಸಿದವರಿದ್ದಾರೆ. ಒಂದನೇ ಪ್ಲಗ್ ತೆಗೆದು, ತೂತಿಗೆ ಹೆಬ್ಬೆರಳು ಇಟ್ಟು, ಪಿಸ್ಟನ್ ಮೇಲಕ್ಕೆ ಬರುವುದನ್ನು ಖಚಿತ ಮಾಡಿಕೊಂಡು ಹೊಸ ಪುಲ್ಲಿಗೆ ನಾವೇ ಕಚ್ಚು ಹಾಕುತ್ತಿದ್ದೆವು.

ಬೇಸಿಗೆಯಲ್ಲಿ, ಅದರಲ್ಲೂ ದೊಡ್ಡ ಜಾತ್ರೆಯ ದಿನಗಳಲ್ಲಿ, ಇನ್ನೊಂದು ಬಗೆಯ ಕಾರುಗಳು ಬರುತ್ತಿದ್ದವು. ರಸ್ತೆಯಲ್ಲಿ ಓಡುವಾಗ ಏನೂ ಇಲ್ಲ, ರಥಬೀದಿಯ ಹತ್ತಿರ ಜನರ ನಡುವೆ ನಿಂತರೆ ನೀರು ಕುದಿಯುತ್ತದೆ. ಕ್ರ್ಯಾಂಕಿಗೆ ಮೊದಲಿಗಿಂತ ಚಿಕ್ಕ ಪುಲ್ಲಿ ಹಾಕಿದ್ದರೆ ಫ್ಯಾನು, ವಾಟರ್ ಪಂಪು ಎರಡೂ ನಿಧಾನವಾಗುತ್ತವೆ. ಮೇಲೆ ಏಸಿಯ ಭಾರ ಬೇರೆ. 1989ರಲ್ಲಿ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ಶುರುವಾದ ಮೇಲೆ ಅಲ್ಲಿಯ ಮೆಕ್ಯಾನಿಕ್ಕುಗಳಿಗೂ ಇದೇ ಕೆಲಸ.

1998ರಿಂದೀಚೆಗೆ ಇಂಡಿಕಾ, ಸ್ಯಾಂಟ್ರೋ ಬಂದವು. ಕಂಪನಿಯಿಂದಲೇ ಏಸಿ, ಸಾಲು ಗೆರೆಗಳಿರುವ ಅಗಲ ಬೆಲ್ಟು. ಅವು ಒಳ್ಳೆಯ ಕಾರುಗಳೇ, ಡ್ರೈವರುಗಳ ಬದುಕನ್ನು ಹಗುರ ಮಾಡಿದವು. ಆದರೆ ರಿಪೇರಿಯೆಂದರೆ ಪಾರ್ಟು ಬದಲಿಸುವುದು ಎಂಬ ಅಭ್ಯಾಸವೂ ಅವುಗಳ ಜೊತೆಗೇ ಬಂತು. ಕಿರುಚಿದರೆ ಬೆಲ್ಟು, ಮತ್ತೆ ಕಿರುಚಿದರೆ ಟೆನ್ಷನರು, ಮತ್ತೂ ಕಿರುಚಿದರೆ ಆಲ್ಟರ್ನೇಟರು. ಗೆರೆ ಬೆಲ್ಟಿಗೆ ಒಂದು ಹಿಡಿ ನೀರು ಚಿಮುಕಿಸಿದರೆ ಸಾಕು, ಕಾರಣ ಅಲ್ಲೇ ಗೊತ್ತಾಗುತ್ತದೆ: ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಪುಲ್ಲಿ ಗೆರೆ ತಪ್ಪಿದೆ, ನೀರು ಬಿದ್ದೊಡನೆ ಸದ್ದು ಜೋರಾದರೆ ಬೆಲ್ಟು ಸಡಿಲ. ಕ್ರ್ಯಾಂಕ್ ಪುಲ್ಲಿಯ ನಡುವೆ ರಬ್ಬರ್ ಇರುವ ಕಾರುಗಳಲ್ಲಿ ಸೀಮೆಸುಣ್ಣದಿಂದ ಒಳಗಿನ ಭಾಗಕ್ಕೂ ಹೊರಗಿನ ಬಳೆಗೂ ಸೇರಿಸಿ ಒಂದು ಗೀಟು ಎಳೆದು ಎಂಜಿನ್ ಓಡಿಸಿದರೆ, ನಿಲ್ಲಿಸಿದಾಗ ಗೀಟು ಮುರಿದಿದ್ದರೆ ರಬ್ಬರ್ ಸೋತಿದೆ. ಇದಕ್ಕೆಲ್ಲ ಕಾಸು ಖರ್ಚಿಲ್ಲ. ಕಾಸಿಲ್ಲದ ಪರೀಕ್ಷೆಗೆ ಕೂಲಿ ಕೇಳುವುದು ಹೇಗೆ ಎಂದು ಹೊಸಬರು ಅದನ್ನು ಮಾಡುವುದನ್ನೇ ಬಿಟ್ಟರು. ಗಿರಾಕಿಗಳೂ ಹಾಗೇ: ಐಡ್ಲರ್ ಬದಲಿಸಿದ್ದಕ್ಕೆ ಕೇಳಿದಷ್ಟು ಕೊಡುತ್ತಾರೆ, ಅರ್ಧ ಗಂಟೆ ಬಾಗಿ ನಿಂತು ತಪ್ಪು ಹುಡುಕಿದ್ದಕ್ಕೆ ಕೊಡುವುದಿಲ್ಲ. ಈ ಕಸುಬನ್ನು ಕೊಂದದ್ದು ಇದೇ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ನಮ್ಮ ಯಜಮಾನರೂ ಇರಲಿಲ್ಲ, ತಿ. ನರಸೀಪುರದಿಂದ ಬಸ್ಸಿನಲ್ಲಿ ಪುಲ್ಲಿ ಬರುವುದೂ ನಿಂತಿತ್ತು.

ಈಗ ಮತ್ತೆ ಒಂದೊಂದಾಗಿ ಅಂಬಾಸಿಡರುಗಳು ಬರುತ್ತಿವೆ. ಮೈಸೂರಿನಲ್ಲಿ ಹಳೇ ಕಾರುಗಳನ್ನು ಪ್ರೀತಿಯಿಂದ ಸಾಕುವವರಿದ್ದಾರೆ. ಫೋನಿನಲ್ಲಿ ಆರ್ಡರ್ ಮಾಡಿ ಅಲ್ಯೂಮಿನಿಯಂ ಪುಲ್ಲಿ, ಪವರ್ ಸ್ಟೀರಿಂಗ್ ಪಂಪು, ಹೊಸ ಕಂಪ್ರೆಸರು ತರಿಸಿಕೊಂಡು, ಹಾಕಿಸಿ, ಕಿರುಚಾಟ ತಡೆಯಲಾರದೆ ಬರುತ್ತಾರೆ. ಪುಲ್ಲಿಗಳು ನೋಡಲು ಚೆಂದ, ತೂಕ ಕಡಿಮೆ. ಕೂರುವ ಜಾಗ ಮಾತ್ರ ಅದೇ ಹಳೇ ರಗಳೆ. ಈಚೆಗೆ ಬಂದ ಪೆಟ್ರೋಲ್ ಅಂಬಾಸಿಡರಿನಲ್ಲಿ ಬ್ರಾಕೆಟ್ಟಿನ ಮೂರನೇ ಬೋಲ್ಟಿಗೆ ಎಂಜಿನ್ನಿನಲ್ಲಿ ತೂತೇ ಇರಲಿಲ್ಲ. ನಮ್ಮ ಲೇತಿನವರ ಮಗ ಈಗ ಗಾಣದ ರೋಲರ್ ಕೆಲಸವನ್ನೇ ಹೆಚ್ಚಾಗಿ ಮಾಡುವುದು. ಕೇಳಿದ್ದಕ್ಕೆ, “ಎರಡೂ ಪುಲ್ಲಿ ತನ್ನಿ ಅಣ್ಣ, ಒಂದನ್ನೇ ನೋಡಿ ಮಾಡಕಾಗಲ್ಲ” ಎಂದು ಅಪ್ಪನ ಮಾತನ್ನೇ ಆಡಿದ. ಉಕ್ಕಿನ ದಪ್ಪ ಬ್ರಾಕೆಟ್ಟು, ಒಂದು ಸ್ಪೇಸರು ಮಾಡಿಕೊಟ್ಟ. ಹೊಸ ಬೆಲ್ಟು ಮೊದಮೊದಲು ಹಿಗ್ಗುತ್ತದೆ, ಸ್ವಲ್ಪ ಓಡಿಸಿ ತಂದರೆ ಮತ್ತೆ ಬಿಗಿ ಮಾಡಿಕೊಡುತ್ತೇವೆಂದು ಹೇಳಿ ಕಳಿಸಿದೆವು. ಅವರು ತಂದರು, ಹೆಬ್ಬೆರಳಿನಲ್ಲಿ ಒತ್ತಿದರೆ ಅರ್ಧ ಇಂಚು ಇಳಿಯುವಂತೆ ಮಾಡಿಕೊಟ್ಟೆವು.

ಆ ಬ್ರಾಕೆಟ್ಟಿನ ಅಳತೆಗಳನ್ನು ಲೇತಿನ ಹುಡುಗ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಇಸುಜು ಎಂಜಿನ್ನಿನದೂ ಆಗಿದೆ. ಡೀಸೆಲ್ಲಿನದು ಬಾಕಿ. ಈ ಕಡೆ ಯಾರ ಮನೆಯಲ್ಲಾದರೂ ಓಡುವ ಸ್ಥಿತಿಯ ಹಳೇ ಡೀಸೆಲ್ ಅಂಬಾಸಿಡರ್ ಇದ್ದರೆ ಒಂದು ಬೆಳಿಗ್ಗೆ ನಂಜನಗೂಡಿಗೆ ತನ್ನಿ. ಅಳತೆ ತೆಗೆದುಕೊಂಡು ಮಧ್ಯಾಹ್ನದೊಳಗೆ ಕಳಿಸುತ್ತೇವೆ.