ರದ್ದಿಗೆ ಹಾಕುವ ಮುನ್ನ

ಒಂದು ಹವ್ಯಾಸಕ್ಕೆ ನಲವತ್ತು ವರ್ಷ ಕೊಟ್ಟವರಿಗೆ ಅದೇ ಹವ್ಯಾಸದ ಪತ್ರಿಕೆಯಿಂದ ಹೊಸದಾಗಿ ಏನು ಸಿಗುತ್ತದೆ? ನಾಣ್ಯ ಸಂಗ್ರಹಿಸುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲೂ ಎದ್ದಿರಬಹುದು. ಸಂಗ್ರಾಹಕರು ಸಾಮಾನ್ಯವಾಗಿ ಇದನ್ನು ಕೇಳಿಕೊಳ್ಳುವುದಿಲ್ಲ. ಕೇಳುವವರು ಮನೆಯ ಹೆಂಗಸರು. ಚಂದಾ ಹಣ ಹೋಗುವುದು ಮನೆಖರ್ಚಿನ ದುಡ್ಡಿನಿಂದ, ಹಳೆಯ ಸಂಚಿಕೆಗಳ ಧೂಳು ಒರೆಸುವವರೂ ನಾವೇ ಅಲ್ಲವೇ?

ನಮ್ಮ ಮನೆ ಮೈಸೂರಿನಲ್ಲಿ. ಅಬ್ಬಾಗೆ ಈಗ ಎಪ್ಪತ್ನಾಲ್ಕು ವರ್ಷ. ಶಾಲಾ ಮೇಷ್ಟರಾಗಿದ್ದವರು, ಸಂಬಳದಲ್ಲಿ ಉಳಿಸಿದ ಹಣದಲ್ಲೇ ನಾಣ್ಯ ಕೂಡಿಸಿದವರು. ಮನೆಗೆ ಎರಡು ಪತ್ರಿಕೆಗಳು ಬರುತ್ತಿದ್ದವು. ಒಂದು ವಿದೇಶದ ಮಾಸಿಕ, ನುಣುಪು ಕಾಗದ, ಪುಟಪುಟಕ್ಕೂ ಬಣ್ಣದ ಚಿತ್ರಗಳು. ಇನ್ನೊಂದು ನಮ್ಮ ದೇಶದ ನಾಣ್ಯಶಾಸ್ತ್ರ ಸಂಘದ ಸಂಶೋಧನಾ ಪತ್ರಿಕೆ, ಒಣ ಬರಹ, ಕಪ್ಪುಬಿಳುಪು ಚಿತ್ರಗಳು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಕಳೆದ ವರ್ಷ ಚಂದಾ ಮುಗಿಯುವ ಹೊತ್ತಿಗೆ ಗಲ್ಫ್‌ನಲ್ಲಿರುವ ತಮ್ಮ ಫೋನ್ ಮಾಡಿ, "ಆಪಾ, ಎಲ್ಲವೂ ಮೊಬೈಲ್‌ನಲ್ಲೇ ಸಿಗುತ್ತದೆ. ಅಬ್ಬಾಗೆ ಗೊತ್ತಿಲ್ಲದ್ದು ಆ ಪತ್ರಿಕೆಯಲ್ಲಿ ಏನಿರುತ್ತದೆ? ಈ ಸಲ ಕಟ್ಟಬೇಡಿ" ಎಂದ. ಅಮ್ಮಿಯದು ಇನ್ನೂ ಒಂದು ಹೆಜ್ಜೆ ಮುಂದೆ. ಅಟ್ಟದ ಮೇಲಿನ ಕಟ್ಟುಗಳನ್ನೆಲ್ಲ ರದ್ದಿಯವನಿಗೆ ತೂಗಿ ಕೊಡಬೇಕೆಂದು ಅವರ ಆಸೆ. ತೀರ್ಮಾನ ನನ್ನ ಪಾಲಿಗೆ ಬಂತು. ಹೀಗಾಗಿ ಎರಡು ತಿಂಗಳು ಮಧ್ಯಾಹ್ನದ ಹೊತ್ತು ಆ ಕಟ್ಟುಗಳನ್ನು ಬಿಚ್ಚಿ ಓದಿದೆ, ತಿಳಿಯದ್ದನ್ನು ಅಬ್ಬಾನನ್ನು ಕೇಳಿದೆ. ನನಗೆ ಕಂಡದ್ದನ್ನು ನಿಮಗೆ ಹೇಳುತ್ತೇನೆ.

ಈ ಪತ್ರಿಕೆಗಳು ಹುಟ್ಟಿದ್ದೇ ಒಂಟಿತನದಿಂದ ಎನ್ನಬಹುದು. ಅಮೆರಿಕದ ಮಿಚಿಗನ್ ರಾಜ್ಯದ ಮನ್ರೋ ಎಂಬ ಊರಿನ ಡಾ. ಜಾರ್ಜ್ ಹೀತ್ 1888ರಲ್ಲಿ 'ದಿ ನ್ಯೂಮಿಸ್ಮ್ಯಾಟಿಸ್ಟ್' ಪತ್ರಿಕೆ ಆರಂಭಿಸಿದರು. 1952ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಅಯೋಲಾ ಎಂಬ ಪುಟ್ಟ ಊರಿನಿಂದ ಚೆಸ್ಟರ್ ಕ್ರೌಸ್ ಅವರು 'ನ್ಯೂಮಿಸ್ಮ್ಯಾಟಿಕ್ ನ್ಯೂಸ್' ತಂದರು. ಅಂಗಡಿಗಳಿಲ್ಲದ ಊರುಗಳಲ್ಲಿದ್ದ ಸಂಗ್ರಾಹಕರು ಪರಸ್ಪರ ಕೊಳ್ಳಲು, ಮಾರಲು, ವಿಷಯ ತಿಳಿಯಲು ಅಂಥ ಪತ್ರಿಕೆಯೇ ದಾರಿಯಾಗಿತ್ತು. ಆ ಕೆಲಸವನ್ನು ಈಗ ಮೊಬೈಲ್ ಮಾಡುತ್ತದೆ. ಕ್ರೌಸ್ ಅವರ ಹೆಸರಿನ ಜಗತ್ತಿನ ನಾಣ್ಯಗಳ ದಪ್ಪ ಕ್ಯಾಟಲಾಗ್ 1972ರಿಂದ ಸಂಗ್ರಾಹಕರ ಕೈಪಿಡಿಯಾಗಿತ್ತು. ಅದನ್ನು ಪ್ರಕಟಿಸುತ್ತಿದ್ದ ಎಫ್ ಪ್ಲಸ್ ಡಬ್ಲ್ಯೂ ಕಂಪೆನಿಯೇ 2019ರಲ್ಲಿ ದಿವಾಳಿ ಅರ್ಜಿ ಹಾಕಿತು. ತಮ್ಮನ ಮಾತಿನಲ್ಲಿ ಹುರುಳಿಲ್ಲದಿಲ್ಲ.

ನುಣುಪು ಕಾಗದದ ಮಾಸಿಕವನ್ನೇ ನೋಡಿ. ಹತ್ತು ವರ್ಷದ ಸಂಚಿಕೆಗಳನ್ನು ಸಾಲಾಗಿ ಇಟ್ಟರೆ ಒಂದೇ ಅಡುಗೆ ಮತ್ತೆ ಮತ್ತೆ ಬಿಸಿಯಾಗುವುದು ಕಾಣುತ್ತದೆ. ನಾಣ್ಯವನ್ನು ಹೇಗೆ ಹಿಡಿಯಬೇಕು, ಎಲ್ಲಿ ಇಡಬೇಕು, ಮಕ್ಕಳಿಗೆ ಹವ್ಯಾಸ ಹಿಡಿಸುವುದು ಹೇಗೆ, ಇವೇ. 1911ರ 'ಹಂದಿ ರೂಪಾಯಿ'ಯ ಕಥೆಯೂ ಹಾಗೆಯೇ. ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ, ಸ್ವಾರಸ್ಯವಾಗಿದೆ. ಐದನೇ ಜಾರ್ಜ್ ದೊರೆಯ ಹೊಸ ರೂಪಾಯಿಯಲ್ಲಿ ಅವರ ಮೇಲಂಗಿಯ ಮೇಲೆ ಪದಕದ ಒಂದು ಪುಟ್ಟ ಆನೆಯ ಚಿತ್ರವಿತ್ತು. ಸೊಂಡಿಲು ತೀರ ಚಿಕ್ಕದಾಗಿ ಬಂದು ಜನರಿಗೆ ಅದು ಹಂದಿಯಂತೆ ಕಂಡಿತು. ಹಂದಿಯ ಚಿತ್ರವಿರುವ ಹಣವನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಮುಸ್ಲಿಮರಲ್ಲಿ ಅಸಮಾಧಾನವೆದ್ದಿತು. ಸರಕಾರ ನಾಣ್ಯಗಳನ್ನು ತಡೆಹಿಡಿದು ಹೆಚ್ಚಿನವನ್ನು ಕರಗಿಸಿತು, 1912ರಲ್ಲಿ ಸೊಂಡಿಲನ್ನು ಸ್ಪಷ್ಟವಾಗಿ ತಿದ್ದಿ ಹೊಸದಾಗಿ ಹೊರತಂದಿತು. ಮೊದಲ ಸಲ ಓದುವವರಿಗೆ ಇದು ಹಬ್ಬ. ಅಬ್ಬಾಗೆ? "ಈ ಕಥೆಯನ್ನು ನಾನೇ ಶಾಲೆಯಲ್ಲಿ ನೂರು ಸಲ ಹೇಳಿದ್ದೇನೆ ಬೇಟಿ" ಎಂದು ಪುಟ ತಿರುವಿದರು.

ಇನ್ನು ಬೆಲೆಯ ಪಟ್ಟಿ. ಅದನ್ನು ನೋಡಿಯೇ ಎಷ್ಟೋ ಮನೆಗಳಲ್ಲಿ ಆಸೆ ಹುಟ್ಟುತ್ತದೆ. ಪಟ್ಟಿಯಲ್ಲಿರುವುದು ಹೆಚ್ಚಾಗಿ ವ್ಯಾಪಾರಿ ನಿಮಗೆ ಮಾರುವ ಬೆಲೆ. ನಿಮ್ಮಿಂದ ಕೊಳ್ಳುವಾಗ ಆತ ಕೊಡುವುದು ಅದಕ್ಕಿಂತ ಎಷ್ಟೋ ಕಡಿಮೆ. ಪತ್ರಿಕೆ ಬದುಕುವುದು ಅದೇ ವ್ಯಾಪಾರಿಗಳ ಜಾಹೀರಾತಿನಿಂದ ಎಂಬುದನ್ನೂ ಮರೆಯಬಾರದು. ವಿದೇಶಿ ಪತ್ರಿಕೆಯ 'ನಿಮ್ಮ ನಾಣ್ಯ ನಮಗೆ ಕಳುಹಿಸಿ' ಎಂಬ ಜಾಹೀರಾತುಗಳಂತೂ ನಮಗೆ ಉಪಯೋಗವಿಲ್ಲ. ನೂರು ವರ್ಷ ದಾಟಿದ ನಾಣ್ಯವನ್ನು ನಾವು ಹೊರದೇಶಕ್ಕೆ ಕಳುಹಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ನಮ್ಮವರು ಜೋಪಾನವಾಗಿಡುವ 786 ಸಂಖ್ಯೆಯ ನೋಟುಗಳಿಗೆ ಯಾವ ಪಟ್ಟಿಯ ಬೆಲೆಯೂ ಹೊಂದುವುದಿಲ್ಲ. ಕೊಳ್ಳುವವರ ಭಾವನೆಯೇ ಅದರ ಬೆಲೆ.

ಹಾಗೆಂದು ತಮ್ಮನ ಮೊಬೈಲ್ ಎಲ್ಲಕ್ಕೂ ಉತ್ತರ ಎನ್ನಲಾರೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಸಂದೇಶಗಳು ನಿಮಗೂ ಬಂದಿರಬೇಕು. ಹಳೆಯ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಬಳಸಿ ಶುಲ್ಕ, ತೆರಿಗೆ ಎಂದು ಹಣ ಕೀಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಡಬೇಕಾಯಿತು.

ಹಾಗಾದರೆ ನುರಿತವರಿಗೆ ಪತ್ರಿಕೆಯಿಂದ ಏನೂ ಇಲ್ಲವೇ? ಇದೆ, ಆದರೆ ಅದು ಆ ಒಣ ಪತ್ರಿಕೆಯಲ್ಲಿದೆ. ಇದು ನನಗೆ ತಿಳಿದದ್ದು ಅಬ್ಬಾನ ಟಿಪ್ಪು ಸುಲ್ತಾನರ ನಾಣ್ಯಗಳಿಂದ.

ಆನೆಯ ಚಿತ್ರವಿರುವ ತಾಮ್ರದ ಪೈಸೆಯನ್ನು ನೀವು ನೋಡಿರಬಹುದು. ನಮ್ಮ ಕಣ್ಣಿಗೆ ಎಲ್ಲವೂ ಒಂದೇ. ಆದರೆ ಟಿಪ್ಪು ತಮ್ಮ ನಾಣ್ಯಗಳಿಗೆ ಒಂದೊಂದು ಹೆಸರಿಟ್ಟಿದ್ದರು. ಚಿನ್ನದವಕ್ಕೆ ಅಹ್ಮದಿ, ಸಿದ್ದೀಖಿ, ಫಾರೂಖಿ. ಬೆಳ್ಳಿಯವಕ್ಕೆ ಹೈದರಿ, ಇಮಾಮಿ, ಆಬಿದಿ, ಬಾಖಿರಿ, ಜಾಫರಿ, ಕಾಝಿಮಿ, ಖಿಝ್ರಿ. ತಾಮ್ರದವಕ್ಕೆ ಆಕಾಶದ ಹೆಸರುಗಳು: ಪೈಸೆ ಝೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆ ಅಖ್ತರ್ ಅಂದರೆ ನಕ್ಷತ್ರ, ಅದಕ್ಕೂ ಚಿಕ್ಕದು ಖುತುಬ್, ಧ್ರುವತಾರೆ. ಎರಡು ಪೈಸೆಯ ದೊಡ್ಡ ನಾಣ್ಯ ಮೊದಲು ಉಸ್ಮಾನಿ, ಆಮೇಲೆ ಗುರುಗ್ರಹದ ಹೆಸರಿನ ಮುಶ್ತರಿ. ಊರುಗಳಿಗೂ ಹೊಸ ಹೆಸರು. ಚಿತ್ರದುರ್ಗದಲ್ಲಿ ಅಚ್ಚಾದದ್ದರ ಮೇಲೆ ಫರ್ರುಖ್‌ಯಾಬ್ ಹಿಸಾರ್, ಗುತ್ತಿಯದರ ಮೇಲೆ ಫೈಝ್ ಹಿಸಾರ್, ಧಾರವಾಡದ್ದರ ಮೇಲೆ ಖುರ್ಷೇದ್ ಸವಾದ್. ಶ್ರೀರಂಗಪಟ್ಟಣ ಮಾತ್ರ ಬರೀ ಪಟನ್. ಹಿಜರಿಯ ಬದಲು 'ಮೌಲೂದಿ' ಶಕೆಯನ್ನು ತಂದ ಮೇಲೆ ಇಸವಿಯ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಲಾಯಿತು. ಉರ್ದು ಬಲ್ಲ ನಾವು ಕೂಡ ಅಂಕೆಯನ್ನು ಎಡದಿಂದಲೇ ಓದುವವರು. ಹೀಗಾಗಿ 1215 ನಮಗೆ 5121 ಎಂದು ಕಾಣುತ್ತದೆ! ಕೊನೆಯ ವರ್ಷಗಳ ಪೈಸೆಗಳ ಮೇಲೆ ಅಲಿಫ್, ಬೇ, ತೇ, ಸೇ ಎಂಬ ಒಂಟಿ ಅಕ್ಷರಗಳೂ ಇವೆ.

ಈಗ ಯೋಚಿಸಿ. ಮಾಸಿಕದ ಬೆಲೆಪಟ್ಟಿಯಲ್ಲಿ ಇವೆಲ್ಲಕ್ಕೂ ಸೇರಿ ಒಂದೋ ಎರಡೋ ಸಾಲು. ಅದೇ ಪಟನ್ ಅಚ್ಚಿನ ಪೈಸೆ ಸುಲಭವಾಗಿ ಸಿಗುತ್ತದೆ, ಕೆಲವು ಊರುಗಳದು ಹುಡುಕಿದರೂ ಸಿಗುವುದಿಲ್ಲ. ಟೇಲರ್ ಅವರು 1914ರಲ್ಲಿ, ಹೆಂಡರ್ಸನ್ ಅವರು 1921ರಲ್ಲಿ ಬರೆದ ಪುಸ್ತಕಗಳು ಈ ನಾಣ್ಯಗಳಿಗೆ ಇಂದಿಗೂ ಆಧಾರ. ಅವರು ನೋಡದ ಊರು, ಇಸವಿಯ ನಾಣ್ಯ ಆಮೇಲೆ ಸಿಕ್ಕರೆ ಅದು ಮೊದಲು ದಾಖಲಾಗುವುದು ಸಂಶೋಧನಾ ಪತ್ರಿಕೆಯ ಒಂದೂವರೆ ಪುಟದ ಟಿಪ್ಪಣಿಯಲ್ಲಿ. 1910ರಲ್ಲಿ ಸ್ಥಾಪನೆಯಾದ ಭಾರತೀಯ ನಾಣ್ಯಶಾಸ್ತ್ರ ಸಂಘವು 1939ರಿಂದ ತನ್ನ ಪತ್ರಿಕೆ ತರುತ್ತಿದೆ. 1970ರಲ್ಲಿ ಆರಂಭವಾದ ಓರಿಯಂಟಲ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಹಳೆಯ ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿಯೇ ಓದಬಹುದು. ಅಲ್ಲಿ ಒಬ್ಬರು ಬರೆದದ್ದನ್ನು ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬರು ತಿದ್ದುತ್ತಾರೆ, ನಾಲ್ಕು ಸಂಚಿಕೆಯ ಬಳಿಕ ಮೂರನೆಯವರು ಇಬ್ಬರನ್ನೂ ತಿದ್ದುತ್ತಾರೆ. ಅಬ್ಬಾ ಭೂತಗನ್ನಡಿ ಹಿಡಿದು ಓದುವುದು ಈ ಜಗಳಗಳನ್ನೇ.

ನಕಲಿಯ ವಿಷಯದಲ್ಲೂ ಹಾಗೆಯೇ. ಮುಂಬಯಿ ಟಂಕಸಾಲೆಯ 1939ರ ಬೆಳ್ಳಿ ರೂಪಾಯಿ ಬಹಳ ಅಪರೂಪದ್ದು. ಅದಕ್ಕೇ 1938ರ ರೂಪಾಯಿಯ ಕೊನೆಯ ಅಂಕೆಯನ್ನು ತಿದ್ದಿ ಮಾರುವವರಿದ್ದಾರೆ. ಇಂಥ ನಕಲಿಯನ್ನು ಹಿಡಿಯುವ ಗುರುತುಗಳನ್ನು ಚಿತ್ರಸಹಿತ ವಿವರಿಸುವ ಒಂದು ಲೇಖನ ವರ್ಷಕ್ಕೊಮ್ಮೆ ಬಂದರೂ ಚಂದಾ ಹಣ ಹುಟ್ಟಿತೆಂದೇ ಲೆಕ್ಕ.

ಇಷ್ಟಾದರೂ ಮನೆಯವರ ಪಾಲಿನ ಲೆಕ್ಕ ಬೇರೆಯೇ ಇದೆ. ನಮ್ಮ ಖಾಲುಜಾನ್ ಕೂಡ ನಾಣ್ಯ ಕೂಡಿಸುತ್ತಿದ್ದವರು. ಅವರು ತೀರಿಕೊಂಡ ಆರು ತಿಂಗಳಲ್ಲಿ ಮನೆ ಬದಲಾಯಿಸುವಾಗ ಪತ್ರಿಕೆಗಳೆಲ್ಲ ರದ್ದಿಗೆ ಹೋದವು. ಆಮೇಲೆ ನಾಣ್ಯ ಕೊಳ್ಳಲು ಒಬ್ಬ ವ್ಯಾಪಾರಿ ಬರುತ್ತಾನೆಂದು, ಚೆನ್ನಾಗಿ ಕಾಣಲಿ ಎಂಬ ಒಳ್ಳೆಯ ಉದ್ದೇಶದಿಂದಲೇ, ಮನೆಯ ಹುಡುಗಿಯರು ತಾಮ್ರದವನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಮಾಡಿಟ್ಟರು. ವ್ಯಾಪಾರಿ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ಬೆಳ್ಳಿಗೆ ತೂಕದ ಬೆಲೆ, ತಾಮ್ರಕ್ಕೆ ಮಕ್ಕಳ ಕೈಗೆ ಕೊಡುವಷ್ಟು ಎಣಿಸಿ ಹೋದ. ಖಾಲಾಗೆ ಆ ಹಣದ ಅಗತ್ಯವಿತ್ತು. ಯಾವುದು ಯಾವ ನಾಣ್ಯ, ಎಷ್ಟಕ್ಕೆ ಕೊಂಡದ್ದು ಎಂಬುದನ್ನು ಖಾಲುಜಾನ್ ಆ ಪತ್ರಿಕೆಗಳ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು ಎಂದು ಅಬ್ಬಾ ಹೇಳುವ ಹೊತ್ತಿಗೆ ತಡವಾಗಿತ್ತು.

ಹಳೆಯ ನಾಣ್ಯದ ಮೇಲಿನ ಕಂದುಬಣ್ಣ ಕೊಳೆಯಲ್ಲ, ಅದನ್ನು ತಿಕ್ಕಿದರೆ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ, ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ರೂಪಾಯಿಗೂ ಅದೇ ಗತಿ. ಈ ಮಾತು ಮಾಸಿಕದ ಆ 'ಹೊಸಬರ ಪುಟ'ದಲ್ಲಿ ಪ್ರತಿ ವರ್ಷ ಬರುತ್ತದೆ. ಅಬ್ಬಾ ತಿರುವಿ ಹಾಕುವ ಪುಟ ಅದು. ಆದರೆ ಅವರ ಪೆಟ್ಟಿಗೆಯ ಬೀಗದ ಕೈ ಒಂದು ದಿನ ಯಾರ ಕೈಗೆ ಬರುತ್ತದೋ ಅವರು ಓದಬೇಕಾದ ಪುಟವೂ ಅದೇ. 1940ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರೆಂಬುದು, ಅಂದರೆ ಅದಕ್ಕೂ ಹಿಂದಿನದಕ್ಕೂ ತೂಕದ ಬೆಲೆಯೇ ಒಂದಲ್ಲವೆಂಬುದು ನನಗೆ ತಿಳಿದದ್ದೂ ಅಂಥ ಪುಟದಿಂದಲೇ.

ಕೊನೆಗೆ ಮಾಡಿದ್ದಿಷ್ಟು. ಅಂಚೆ ವೆಚ್ಚ ಸೇರಿ ಅಮ್ಮಿಯ ಒಂದು ತಿಂಗಳ ಔಷಧಿಯಷ್ಟಾಗುತ್ತಿದ್ದ ವಿದೇಶಿ ಮಾಸಿಕವನ್ನು ನಿಲ್ಲಿಸಿದೆವು. ಅಬ್ಬಾ ಅಷ್ಟೇನೂ ಬೇಸರಪಡಲಿಲ್ಲ. ಸಂಶೋಧನಾ ಪತ್ರಿಕೆಯ ಚಂದಾ ಕಟ್ಟಿದೆವು. ಅಟ್ಟದ ಕಟ್ಟುಗಳಲ್ಲಿ ಬೆಲೆಪಟ್ಟಿ, ಜಾಹೀರಾತು ಮಾತ್ರವಿದ್ದ ಸಂಚಿಕೆಗಳು ರದ್ದಿಗೆ ಹೋದವು, ಅದೂ ಪ್ರತಿ ಪುಟ ತಿರುವಿ ಅಂಚು ನೋಡಿದ ಮೇಲೆ. ಹೀಗೆ ನೋಡುವಾಗ ಒಂದರೊಳಗೆ 1987ರ ರಶೀದಿಯೊಂದು ಸಿಕ್ಕಿತು.

ಈಗ ಜುಮಾ ನಮಾಝ್ ಮುಗಿಸಿ ಬಂದು ಊಟವಾದ ಮೇಲೆ ಅಬ್ಬಾ ಪೆಟ್ಟಿಗೆ ತೆರೆಯುತ್ತಾರೆ, ನಾನು ಇನ್ನೂರು ಪುಟದ ನೋಟ್‌ಬುಕ್ ತೆರೆಯುತ್ತೇನೆ. ನಾಣ್ಯದ ಹೆಸರು, ಊರು, ಇಸವಿ, ಕೊಂಡ ಬೆಲೆ, ಯಾವ ಪತ್ರಿಕೆಯ ಯಾವ ಸಂಚಿಕೆಯಲ್ಲಿ ಅದರ ವಿವರವಿದೆ ಎಂದು ಐದು ಕಾಲಂ. ಒಂದು ಶುಕ್ರವಾರಕ್ಕೆ ಹತ್ತು ಹನ್ನೆರಡು ನಾಣ್ಯ ಮುಗಿದರೆ ಹೆಚ್ಚು, ಏಕೆಂದರೆ ಪ್ರತಿಯೊಂದಕ್ಕೂ ಅಬ್ಬಾನ ಬಳಿ ಒಂದು ಕಥೆಯಿದೆ. ಪಟನ್ ಮುಗಿದಿದೆ, ಫೈಝ್ ಹಿಸಾರ್ ಅರ್ಧಕ್ಕೆ ನಿಂತಿದೆ.