ಹೊಗೆ ತುಂಬಿದ ಕೋಣೆ ಮತ್ತು "ಎನಿ ಡೌಟ್ಸ್?"

ಸೈಕಾಲಜಿಯನ್ನು ಓಪನ್ ಎಲೆಕ್ಟಿವ್ ಆಗಿ ತಗೊಂಡಿದ್ದೀವಿ ಅಂದರೆ ಸಾಕು, ಕ್ಯಾಂಟೀನಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಹಾಗಾದ್ರೆ ನಾನೀಗ ಏನು ಯೋಚನೆ ಮಾಡ್ತಿದ್ದೀನಿ ಹೇಳ್ರೋ ನೋಡೋಣ!" ನಮಗೆ ಗೊತ್ತಿಲ್ಲ ಮಾರಾಯ್ರೇ. ಒಂದು ಸೆಮಿಸ್ಟರ್ ಓದಿದ ಮೇಲೆ ನಮಗೆ ಗೊತ್ತಾಗಿರುವುದು ಇದರ ಉಲ್ಟಾ. ಪಕ್ಕದವರ ಮನಸ್ಸು ಓದುವುದರಲ್ಲಿ ನಾವ್ಯಾರೂ ಅಷ್ಟೇನೂ ಜಾಣರಲ್ಲ. ಆದರೂ ದಿನಾ ಕ್ಲಾಸಿನಲ್ಲಿ ಕೂತು ಅದೇ ಕೆಲಸ ಮಾಡ್ತಾ ಇರ್ತೀವಿ. ಹೇಗೆ ಅಂತ ಹೇಳುವ ಮೊದಲು ಒಂದು ಪ್ರಯೋಗದ ಕಥೆ.

1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪ್ರಕಟಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಫಾರಂ ತುಂಬಲು ಕೊಟ್ಟರು. ಸ್ವಲ್ಪ ಹೊತ್ತಿಗೆ ಗೋಡೆಯ ಕಿಂಡಿಯಿಂದ ಹೊಗೆ ಬರಲು ಶುರುವಾಯಿತು. ಒಬ್ಬೊಬ್ಬರೇ ಕೂತಿದ್ದಾಗ 24 ಜನರಲ್ಲಿ 18 ಜನ ಎದ್ದು ಹೋಗಿ "ಒಳಗೆ ಹೊಗೆ ಬರ್ತಿದೆ" ಅಂತ ತಿಳಿಸಿದರು. ಸರಿಯಾಗೇ ಇದೆ. ಆದರೆ ಏನೂ ಆಗಿಲ್ಲ ಅನ್ನುವಂತೆ ನಟಿಸಲು ಹೇಳಿದ್ದ ಇಬ್ಬರ ಜೊತೆ ಕೂರಿಸಿದಾಗ, 10 ಜನರಲ್ಲಿ ಎದ್ದವನು ಒಬ್ಬನೇ! ಉಳಿದ ಒಂಬತ್ತು ಜನ ಕೆಮ್ಮುತ್ತಾ, ಕಣ್ಣು ಉಜ್ಜಿಕೊಳ್ಳುತ್ತಾ, ಕೈಯಿಂದ ಹೊಗೆ ಸರಿಸುತ್ತಾ ಫಾರಂ ತುಂಬುತ್ತಲೇ ಇದ್ದರು.

ನಮಗೆ ಇದಕ್ಕಿಂತ ಕುತೂಹಲ ಅನ್ನಿಸಿದ್ದು ಮೂರನೇ ಭಾಗ. ಇಲ್ಲಿ ನಟನೆ ಮಾಡುವವರು ಯಾರೂ ಇಲ್ಲ. ಏನೂ ಗೊತ್ತಿಲ್ಲದ ಮೂರು ಮೂರು ಜನರ 8 ಗುಂಪುಗಳು. ಅದರಲ್ಲಿ 3 ಗುಂಪುಗಳಿಂದ ಮಾತ್ರ ಯಾರಾದರೂ ಒಬ್ಬರು ಹೋಗಿ ಹೇಳಿದರು. ಪ್ರತಿಯೊಬ್ಬರೂ ಒಳಗೊಳಗೇ ಗಾಬರಿ, ಹೊರಗೆ ಆರಾಮ. ಪಕ್ಕದವನ ಆರಾಮದ ಮುಖ ನೋಡಿ "ಏನೂ ಆಗಿಲ್ಲ ಅನ್ಸುತ್ತೆ" ಅಂದುಕೊಂಡರು. ಪಕ್ಕದವನೂ ಇವರ ಮುಖ ನೋಡಿ ಅದನ್ನೇ ಅಂದುಕೊಂಡ. ಆಮೇಲೆ ವಿಚಾರಿಸಿದರೆ, ಸುಮ್ಮನೆ ಕೂತವರು "ಹಬೆ ಇರಬೇಕು", "ಏಸಿಯಿಂದ ಬಂದಿರಬೇಕು" ಅಂತೆಲ್ಲ ಕಾರಣ ಕೊಟ್ಟರಂತೆ.

ಇದಕ್ಕೆ ಪಠ್ಯಪುಸ್ತಕದಲ್ಲಿ ಪ್ಲೂರಲಿಸ್ಟಿಕ್ ಇಗ್ನೊರೆನ್ಸ್ ಅನ್ನುವ ದೊಡ್ಡ ಹೆಸರಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಬ್ಬರ ಮೌನ ನೋಡಿ ಇನ್ನೊಬ್ಬರು ಮೋಸಹೋಗುವುದು.

ಈಗ ಕ್ಲಾಸಿಗೆ ಬನ್ನಿ. ಬೋರ್ಡ್ ತುಂಬಾ ಡೆರಿವೇಷನ್. ಸಾರ್ ತಿರುಗಿ "ಎನಿ ಡೌಟ್ಸ್?" ಅಂತಾರೆ. ಅರವತ್ತು ಜನ, ಒಂದು ಕೈಯೂ ಮೇಲೇಳಲ್ಲ. ನಾನು ಯಾಕೆ ಸುಮ್ಮನಿದ್ದೀನಿ? ನಾಚಿಕೆಗೆ. ಉಳಿದವರು ಯಾಕೆ ಸುಮ್ಮನಿದ್ದಾರೆ? ಅವರಿಗೆ ಅರ್ಥ ಆಗಿದೆ! ಮೌನ ಒಂದೇ, ನಮ್ಮದಕ್ಕೊಂದು ಕಾರಣ, ಬೇರೆಯವರದಕ್ಕೊಂದು ಕಾರಣ. 1987ರಲ್ಲಿ ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮೆಕ್‌ಫಾರ್ಲೆಂಡ್ ಇದನ್ನೇ ಪರೀಕ್ಷಿಸಿದರು. ಬೇಕಂತಲೇ ಗೋಜಲಾಗಿ ಬರೆದ ಲೇಖನವೊಂದನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅರ್ಥವಾಗದಿದ್ದರೆ ಬಂದು ಕೇಳಿ ಅಂದರು. ವಿದ್ಯಾರ್ಥಿಗಳು ಸುಮ್ಮನೇ ಕೂತರು, ಬೇರೆಯವರಿಗೆ ತಮಗಿಂತ ಚೆನ್ನಾಗಿ ಅರ್ಥವಾಗಿದೆ ಅಂದುಕೊಂಡರು.

ಇದೆಲ್ಲ ಪರೀಕ್ಷೆಗೆ ಬರೆಯುವ ಐದು ಮಾರ್ಕಿನ ಉತ್ತರ ಅಷ್ಟೇ ಆಗಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ಓದುವಾಗ ನಮಗೆಲ್ಲ ನೆನಪಾಗಿದ್ದು ಮೊದಲನೇ ಸೆಮ್.

ನಮ್ಮ ರೂಮಿನ ನಾಲ್ವರಲ್ಲಿ ಒಬ್ಬ ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಊರಿನಿಂದ ಇಂಜಿನಿಯರಿಂಗಿಗೆ ಬಂದ ಮೊದಲ ಹುಡುಗ. ಮೊದಲ ಇಂಟರ್ನಲ್ಸ್ ಹತ್ತಿರ ಬಂದಾಗ ಒಂದು ರಾತ್ರಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. "ಟಿಸಿ ತಗೊಂಡು ಹೋಗ್ತೀನಿ ಕಣ್ರೋ. ಎಲ್ರಿಗೂ ಅರ್ಥ ಆಗ್ತಿದೆ, ನಂಗೊಬ್ಬನಿಗೇ ಆಗ್ತಿಲ್ಲ. ಇದು ನನ್ನಂಥವರಿಗಲ್ಲ." ಏನು ಅರ್ಥ ಆಗ್ತಿಲ್ಲ ಅಂತ ಕೇಳಿದೆವು. ಮ್ಯಾಥ್ಸ್ ನೋಟ್ಸ್ ತೆಗೆದು ಐಗನ್ ವ್ಯಾಲ್ಯೂ ಇದ್ದ ಪುಟ ತೋರಿಸಿದ. ಉಳಿದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲೆಕ್ಕ ಬಿಡಿಸುವ ಸ್ಟೆಪ್ಸ್ ಎಲ್ಲರಿಗೂ ಬಾಯಿಪಾಠ. ಅದು ಏನು, ಯಾಕೆ ಅನ್ನೋದು ಒಬ್ಬರಿಗೂ ಗೊತ್ತಿಲ್ಲ. ಅವನು ನಂಬಲಿಲ್ಲ. "ನಿಮಗೂ ಗೊತ್ತಿಲ್ವಾ?" ಅಂತ ಎರಡು ಸಲ ಕೇಳಿದ. ಆಮೇಲೆ ಹಾಸಿಗೆ ಮೇಲೆ ಕೂತು ನಗಲು ಶುರು ಮಾಡಿದ.

ಮಾರನೇ ದಿನ ಕ್ಲಾಸಿನಲ್ಲಿ ಕೈ ಎತ್ತಿದವನು ಅವನೇ. "ಸಾರ್, ಆ ಲ್ಯಾಂಬ್ಡಾ ಎಲ್ಲಿಂದ ಬಂತು?" ಅಂತ ಕನ್ನಡದಲ್ಲೇ ಕೇಳಿದ. ಸಾರ್ ಬೋರ್ಡ್ ಅಳಿಸಿ ಮೊದಲಿನಿಂದ ಹೇಳಿದರು. ಅಷ್ಟರಲ್ಲಿ ಹಿಂದಿನಿಂದ ಇನ್ನೂ ಮೂರು ಕೈ ಮೇಲೆದ್ದವು.

ಆ ಮೂರು ಕೈ ಎಲ್ಲಿಂದ ಬಂದವು ಅನ್ನುವುದಕ್ಕೂ ಸೈಕಾಲಜಿಯಲ್ಲಿ ಸುಳಿವಿದೆ. ಸಾಲಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಸುಲಭದ ಪ್ರಯೋಗ ಮಾಡಿದರು. ಗುಂಪಿನಲ್ಲಿ ಎಲ್ಲರೂ ಬೇಕಂತಲೇ ತಪ್ಪು ಉತ್ತರ ಹೇಳಿದಾಗ, ನಿಜವಾದ ಸ್ಪರ್ಧಿ ಕೊಟ್ಟ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಂಪಿನ ತಪ್ಪನ್ನೇ ಅನುಸರಿಸಿದವು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿಬಿಟ್ಟರೆ ಸಾಕು, ಆ ಒತ್ತಡ ಬಹುಪಾಲು ಇಳಿದುಹೋಗುತ್ತಿತ್ತು. ಅಂದರೆ ಇಡೀ ಕ್ಲಾಸಿಗೆ ಧೈರ್ಯ ಬರುವವರೆಗೂ ಕಾಯಬೇಕಿಲ್ಲ. ಒಂದು ಕೈ ಸಾಕು.

ಹಾಗಾಗಿ ಮೊದಲ ಸೆಮ್ಮಿನ ಗೆಳೆಯರೇ, ಗೆಳತಿಯರೇ, ಮುಂದಿನ ಬೆಂಚಿನವರ ತಲೆ ಅಲ್ಲಾಡುವುದನ್ನು ನೋಡಿ ನಿಮ್ಮ ಬುದ್ಧಿಗೆ ನೀವೇ ಮಾರ್ಕ್ಸ್ ಕೊಟ್ಟುಕೊಳ್ಳಬೇಡಿ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಜೋಡಿಸುತ್ತಾ ಕೂತರೆ ಅಷ್ಟರಲ್ಲಿ ಬೋರ್ಡ್ ಅಳಿಸಿರುತ್ತೆ, ಕನ್ನಡದಲ್ಲೇ ಕೇಳಿ. ಕ್ಲಾಸಿನಲ್ಲಿ ಆಗಲಿಲ್ಲವೇ, ಬುಧವಾರ ಸಂಜೆ ಲೈಬ್ರರಿ ಹಿಂದಿನ ಕಲ್ಲುಬೆಂಚಿನ ಹತ್ತಿರ ಬನ್ನಿ. ನಾವು ನಾಲ್ವರೂ ಅಲ್ಲೇ ಇರ್ತೀವಿ. ಅಲ್ಲಿ ನಿಯಮ ಒಂದೇ: ಬಂದವರು ಮೊದಲು ತಮಗೆ ಅರ್ಥವಾಗದ ಒಂದು ವಿಷಯ ಹೇಳಬೇಕು. ಶುರು ನಾವೇ ಮಾಡ್ತೀವಿ.